ಯುಗಾದಿ ಟೈಮಲ್ಲಿ ಟೆಂಪೋದಲ್ಲಿ ಬರೋ "ಹಳೇ ಗೊಬ್ಬರ" ತಗೊಳೋ ಮುಂಚೆ ಇದನ್ನ ಓದಿ, ನಮ್ಮನೆ ಮಲ್ಲಿಗೆ ಸುಟ್ಟುಹೋಯ್ತು

ದಾವಣಗೆರೆ ಕಡೆ ಮನೇಲಿ ಹೂವಿನ ಗಿಡ ಇಟ್ಕೊಂಡಿರೋ ಎಲ್ಲರಿಗೂ ಇದು. ಮೊನ್ನೆ ಭಾನುವಾರ ನಮ್ಮ ಬೀದಿಗೆ ಮತ್ತೆ ಒಂದು ಗೊಬ್ಬರದ ಟೆಂಪೋ ಬಂತು, "ಹಳೇ ಗೊಬ್ಬರಾ, ಗಿಡಕ್ಕೆ ಗೊಬ್ಬರಾ" ಅಂತ ಮೈಕಲ್ಲಿ ಕೂಗ್ತಾ. ಆ ದನಿ ಕೇಳಿದ ಕೂಡ್ಲೇ ಎದೆ ಝಲ್ ಅಂತು. ಹೋದ ವರ್ಷ ನಾನು ಕಳ್ಕೊಂಡಂಗೆ ಇನ್ನೊಬ್ರು ಕಳ್ಕೋಬಾರ್ದು ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಾಳಿಗೆ ಮೇಲಿನ ತೋಟ, 34 ಕುಂಡ ಇದ್ವು. ಗುಲಾಬಿ 9, ಕನಕಾಂಬರ, ದಾಸವಾಳ, ಸೇವಂತಿಗೆ, ಸುಗಂಧರಾಜ, ಮತ್ತೆ ಒಂದು ದೊಡ್ಡ ಸಿಮೆಂಟ್ ಕುಂಡದಲ್ಲಿ ದುಂಡು ಮಲ್ಲಿಗೆ. ಆ ಮಲ್ಲಿಗೆ ನಮ್ಮತ್ತೆ ಹೊಳಲ್ಕೆರೆ ಕಡೆ ಅವರ ತವರುಮನೆ ಹಿತ್ತಲಲ್ಲಿ ಬಳ್ಳಿ ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸಿ ತಂದಿದ್ದು, ಹನ್ನೊಂದು ವರ್ಷದ ಗಿಡ. ಬೇಸಿಗೇಲಿ ದಿನಾ ಸಂಜೆ ಒಂದು ಬಟ್ಲು ಮೊಗ್ಗು ಬಿಡಿಸಿ ಮಾಲೆ ಕಟ್ಟಿ ದೇವ್ರಿಗೆ ಅರ್ಧ ನಮ್ಮ ಮಗಳ ಜಡೆಗೆ ಅರ್ಧ, ಅದು ನಮ್ಮನೇಲಿ ನಡ್ಕೊಂಡು ಬಂದಿದ್ದ ಪದ್ಧತಿ.

ನಮ್ಮೂರ ಹವಾ ನಿಮಗೆ ಗೊತ್ತಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯ್ತು ಅಂದ್ರೆ ಮುಗೀತು, ಅಲ್ಲಿವರೆಗೂ ಚೆನ್ನಾಗಿ ಹೂ ಬಿಡ್ತಿದ್ದ ಸೇವಂತಿಗೆ ಒಣಗೋಕೆ ಶುರುವಾಗುತ್ತೆ, ಚಳಿಗಾಲಕ್ಕೆ ತಂದ ಪೆಟೂನಿಯಾ ಕಾಲು ನೀಡ್ಕೊಂಡು ಮಲಗುತ್ತೆ, ಗುಲಾಬಿ ಹೂವಿನ ಸೈಜ್ ಸಣ್ಣದಾಗುತ್ತೆ, ಅದೇ ಹೊತ್ತಿಗೆ ಮಲ್ಲಿಗೆ ಮಾತ್ರ ಗಣ್ಣುಗಣ್ಣಿಗೂ ಚಿಗುರಿ ಮೊಗ್ಗು ಇಡುತ್ತೆ. ಎಲ್ಲಾ ಚಿಗುರ್ತಿದೆ, ಈಗ ಒಂಚೂರು ಗೊಬ್ಬರ ಕೊಟ್ರೆ ಇನ್ನೂ ಚೆನ್ನಾಗಿ ಬರುತ್ತೆ ಅಂತ ಎಲ್ಲರಿಗೂ ಅನ್ಸೋ ಟೈಮ್ ಇದು, ನನಗೂ ಹಂಗೇ ಅನ್ನಿಸ್ತು. ಗಾಡಿಯವರು ಬರೋದೂ ಸರಿಯಾಗಿ ಇದೇ ಟೈಮಿಗೆ.

ಹೋದ ವರ್ಷ ಯುಗಾದಿಗೆ ಹತ್ತು ದಿನ ಇದೆ ಅನ್ನುವಾಗ ಟೆಂಪೋ ಬಂತು. ಚೀಲ 250 ರೂಪಾಯಿ. "ಎರಡು ವರ್ಷದ ಕೊಟ್ಟಿಗೆ ಗೊಬ್ಬರ ಐತ್ರೀ ಅಕ್ಕಾರೆ, ಕಣ್ಣು ಮುಚ್ಚಿ ಹಾಕ್ರಿ" ಅಂದ. ಮೇಲೆ ಕಪ್ಪಗೆ ಪುಡಿಪುಡಿ ಕಾಣ್ತಿತ್ತು, ಎರಡು ಚೀಲ ಇಳಿಸ್ಕೊಂಡೆ. ಮಾಳಿಗೆ ಮೇಲೆ ಬಾಯಿ ಬಿಚ್ಚಿ ಸುರಿದಾಗ ಒಳಗಿಂದು ಬೇರೆ ಥರ ಇತ್ತು, ಹಸಿಹಸಿ ಹೆಂಟೆ, ನಡುನಡುವೆ ಭತ್ತದ ಹೊಟ್ಟು ಇನ್ನೂ ಬಂಗಾರದ ಬಣ್ಣ ಮಾಸಿರಲಿಲ್ಲ, ಒಂದೆರಡು ಬಿಳಿ ಪುಕ್ಕ, ಮೂಗಿಗೆ ಬಡಿದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಗೊಬ್ಬರ ಅಂದ್ಮೇಲೆ ವಾಸನೆ ಇರುತ್ತೆ ಅಂದ್ಕೊಂಡೆ. ಅಲ್ಲೇ ನಿಲ್ಲಿಸ್ಬೇಕಿತ್ತು. ಕುಂಡಕ್ಕೆ ಎರಡೆರಡು ಬೊಗಸೆ ಹಾಕಿ, ಮಲ್ಲಿಗೆಗೆ ಪ್ರೀತಿ ಅಂತ ಐದು ಬೊಗಸೆ ಹಾಕಿ, ಬೋರ್ ನೀರು ಬಿಟ್ಟೆ.

ನಾಲ್ಕನೇ ದಿನ ಗುಲಾಬಿ ಎಲೆ ಅಂಚು ಕಂದು ಬಣ್ಣಕ್ಕೆ ತಿರುಗ್ತು, ಬೆಂಕಿ ಹತ್ರ ಹಿಡಿದ ಪೇಪರ್ ಅಂಚು ಸುಡುತ್ತಲ್ಲ ಹಂಗೆ. ಮಲ್ಲಿಗೆ ಮೊಗ್ಗು ಅರಳದೇ ಹಂಗೇ ಕೆಂಪಗಾಗಿ ಉದುರೋಕೆ ಶುರು. ಮಣ್ಣು ಮುಟ್ಟಿ ನೋಡಿದ್ರೆ ಒದ್ದೆ ಇದೆ, ಗಿಡ ನೋಡಿದ್ರೆ ನೀರಿಲ್ಲದಂಗೆ ಬಾಡಿದೆ. ಬಿಸಿಲು ಜಾಸ್ತಿ ಆಯ್ತು ಅಂತ ದಿನಕ್ಕೆ ಎರಡು ಸಲ ಬೋರ್ ನೀರು ಹಾಕ್ದೆ, ನಮ್ಮ ಬೋರ್ ನೀರು ಗಡಸು, ಕುಂಡದ ಅಂಚಲ್ಲೆಲ್ಲಾ ಬಿಳಿ ಉಪ್ಪು ಕಟ್ಟುತ್ತೆ. ಹುಳ ಇರ್ಬೇಕು ಅಂತ ಬೆಳಗ್ಗೆ ಹನ್ನೊಂದು ಗಂಟೆ ಬಿಸಿಲಲ್ಲಿ ಬೇವಿನ ಎಣ್ಣೆ ಹೊಡೆದೆ, ಉಳಿದಿದ್ದ ಎಲೆನೂ ಸುಟ್ಟವು. ಗಾಡಿಯವನು ನಂಬರ್ ಕೊಟ್ಟಿದ್ದ, ಫೋನ್ ಮಾಡಿದ್ರೆ "ನೀರು ಕಮ್ಮಿ ಆಗೇತ್ರಿ, ಜಾಸ್ತಿ ಹಾಕ್ರಿ" ಅಂದ, ಎರಡನೇ ಸಲ ಮಾಡಿದಾಗ ಎತ್ತಲೇ ಇಲ್ಲ.

ಯುಗಾದಿ ದಿನ ಹರಿಹರದಿಂದ ನಮ್ಮನೆಯವರ ಚಿಕ್ಕಪ್ಪ ಬಂದ್ರು, ಗದ್ದೆ ಅಡಿಕೆ ತೋಟ ಮಾಡೋರು. ಮಾಳಿಗೆಗೆ ಹತ್ತಿ ಒಂದು ಕುಂಡದ ಮಣ್ಣು ಬೆರಳಲ್ಲಿ ಕೆದರಿ ಮೂಗಿಗೆ ಹಿಡಿದವರೇ, "ಏನವ್ವ ಇದು, ಕೋಳಿ ಫಾರಂ ಗೊಬ್ಬರ ಹಸೀದೇ ಹಾಕೀಯಲ್ಲ! ನಾವು ತೋಟಕ್ಕೆ ಹಾಕ್ಬೇಕಾದ್ರೂ ಆರು ತಿಂಗ್ಳು ತಿಪ್ಪ್ಯಾಗ ಕೊಳೆಸಿ ಹಾಕ್ತೀವಿ" ಅಂದ್ರು. ಬೇವು ಬೆಲ್ಲ ತಿನ್ನೋಕೂ ಮನಸ್ಸಾಗ್ಲಿಲ್ಲ ಅವತ್ತು. ಅತ್ತೆ ಒಂದು ಮಾತೂ ಬೈಲಿಲ್ಲ, ಮಲ್ಲಿಗೆ ಕುಂಡದ ಹತ್ರ ಹೋಗಿ ಒಣ ಮೊಗ್ಗು ಆರಿಸಿ ಸೆರಗಿಗೆ ಹಾಕ್ಕೊಂಡು ಕೆಳಗಿಳಿದ್ರು. ಬೈದಿದ್ರೆ ಒಳ್ಳೇದಿತ್ತು.

ಆಮೇಲೆ ಓದಿ ಕೇಳಿ ತಿಳ್ಕೊಂಡಿದ್ದು ಹೇಳ್ತೀನಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 0.5 ಪರ್ಸೆಂಟ್, ಕೋಳಿ ಗೊಬ್ಬರದಲ್ಲಿ 3 ಪರ್ಸೆಂಟ್ ಹತ್ತಿರ, ಅಂದ್ರೆ ಆರು ಪಟ್ಟು. ಅದು ಹಸಿ ಇದ್ರೆ ಕುಂಡದೊಳಗೇ ಕಾವು ಬರುತ್ತೆ, ಅಮೋನಿಯಾ ಬಿಡುತ್ತೆ, ಎಳೇ ಬೇರು ಸುಡುತ್ತೆ. ಉಪ್ಪಿನಂಶನೂ ಜಾಸ್ತಿ, ಮಣ್ಣಲ್ಲಿ ಉಪ್ಪು ಹೆಚ್ಚಾದ್ರೆ ಪಕ್ಕದಲ್ಲೇ ನೀರಿದ್ರೂ ಬೇರಿಗೆ ಎಳ್ಕೊಳಕ್ಕಾಗಲ್ಲ, ಅದಕ್ಕೇ ಒದ್ದೆ ಮಣ್ಣಲ್ಲೂ ಗಿಡ ಬಾಡಿದ್ದು. ಗಡಸು ಬೋರ್ ನೀರು ಸುರಿದಷ್ಟೂ ಅದಕ್ಕೆ ಇನ್ನಷ್ಟು ಸೇರ್ತಿತ್ತು. ಮಳೆಗಾಲದಲ್ಲಾದ್ರೆ ಮಳೆ ನೀರು ತೊಳೆದು ಇಳಿಸುತ್ತೆ, ಬೇಸಿಗೇಲಿ ನೀರು ಆವಿಯಾಗಿ ಉಪ್ಪು ಅಲ್ಲೇ ಕೂರುತ್ತೆ. ಅದ್ರಲ್ಲೂ ಕಪ್ಪು ಪ್ಲಾಸ್ಟಿಕ್ ಕುಂಡ ಕಾದ ಆರ್‌ಸಿಸಿ ಮೇಲೆ ಕೂತಿದ್ರೆ ಬೇರು ಮೊದಲೇ ಬೇಯ್ತಾ ಇರುತ್ತೆ.

34ರಲ್ಲಿ 11 ಕುಂಡ ಹೋದವು, ಗುಲಾಬಿನೇ 6. ಮಲ್ಲಿಗೆ ಬುಡದವರೆಗೂ ಒಣಗ್ತು, ಕಡ್ಡಿ ಕೆರೆದ್ರೆ ಎಲ್ಲೂ ಹಸಿರಿರ್ಲಿಲ್ಲ, ಜೂನ್‌ವರೆಗೂ ಕಾದ್ವಿ, ಚಿಗುರ್ಲಿಲ್ಲ. ಕನಕಾಂಬರ ದಾಸವಾಳ ಗಟ್ಟಿ, ಉಳ್ಕೊಂಡವು.

ಗೊಬ್ಬರ ತಗೊಳೋರು ದಯವಿಟ್ಟು ಚೀಲದ ಬಾಯಲ್ಲಿ ಇರೋದು ನೋಡಿ ದುಡ್ಡು ಕೊಡ್ಬೇಡಿ, ತಳದವರೆಗೂ ಕೈ ಹಾಕಿ ತೆಗೆಸಿ ನೋಡಿ. ಕಳಿತ ಗೊಬ್ಬರ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ, ಕೈಲಿ ಹಿಡಿದ್ರೆ ತಣ್ಣಗಿರುತ್ತೆ, ಹೊಟ್ಟು ಪುಕ್ಕ ಹೆಂಟೆ ಇರಲ್ಲ. ಡೌಟ್ ಇದ್ರೆ ಒಂದು ಹಿಡಿ ಗೊಬ್ಬರಕ್ಕೆ ಸ್ವಲ್ಪ ನೀರು ಚಿಮುಕಿಸಿ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಆಡದಂಗೆ ಕಟ್ಟಿ ಎರಡು ದಿನ ಬಿಟ್ಟು ಬಿಚ್ಚಿ, ಕಣ್ಣು ಉರಿಸೋ ವಾಸನೆ ಬಂದ್ರೆ ಅದು ಹಸಿ. ಇನ್ನೊಂದು, ಅದೇ ಗೊಬ್ಬರವನ್ನ ಮಣ್ಣಿಗೆ ಬೆರೆಸಿ ಒಂದು ಚಿಪ್ಪಲ್ಲಿ ಹಾಕಿ ನಾಲ್ಕು ಮೆಂತ್ಯ ಕಾಳು ಉದುರಿಸಿ, ಪಕ್ಕದಲ್ಲಿ ಬರೀ ಮಣ್ಣಲ್ಲೂ ಉದುರಿಸಿ. ಬರೀ ಮಣ್ಣಲ್ಲಿ ಮೊಳೆತು ಇದರಲ್ಲಿ ಮೊಳೀಲಿಲ್ಲ ಅಂದ್ರೆ ಗಿಡಕ್ಕೆ ಹಾಕ್ಲೇಬೇಡಿ. ಈ ವರ್ಷ ನಾನು ಇದನ್ನ ಮಾಡದೇ ಒಂದು ಹಿಡಿನೂ ಹಾಕಿಲ್ಲ. ಮಣ್ಣು ನೀರು ಪರೀಕ್ಷೆ ಮಾಡಿಸ್ಬೇಕು ಅಂದ್ರೆ ನಮ್ಮೂರಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ವಿಚಾರಿಸಿ. ಮತ್ತೆ ಏಪ್ರಿಲ್ ಮೇ ತಿಂಗಳಲ್ಲಿ ಗಿಡಕ್ಕೆ ಬೇಕಾಗಿರೋದು ಹೊಟ್ಟೆ ತುಂಬಾ ಊಟ ಅಲ್ಲ, ನೆರಳು. ಹಸಿರು ನೆಟ್ ಕಟ್ಟಿ, ಬುಡಕ್ಕೆ ಶೇಂಗಾ ಸಿಪ್ಪೆನೋ ತೆಂಗಿನ ನಾರೋ ಹೊದಿಸಿ, ಬಿಸಿಲು ಏರೋ ಮುಂಚೆ ನೀರು ಹಾಕಿ.

ಈಗಾಗ್ಲೇ ಹಾಕಿಬಿಟ್ಟಿದೀರಾ, ಎಲೆ ಅಂಚು ಕಂದಾಗ್ತಿದೆ ಅಂದ್ರೆ ನಾಳೆ ನೋಡೋಣ ಅನ್ಬೇಡಿ, ಇವತ್ತು ಸಂಜೆನೇ ಕುಂಡ ನೆರಳಿಗೆ ಸರಿಸಿ. ಬೇರು ನೋಯದಂಗೆ ಮೇಲಿನ ಎರಡು ಇಂಚು ಮಣ್ಣು ಗೊಬ್ಬರದ ಸಮೇತ ಕೆರೆದು ತೆಗೀರಿ. ಆಮೇಲೆ ನಲ್ಲಿ ನೀರು, ಬೋರ್ ನೀರಲ್ಲ, ನಲ್ಲಿ ನೀರು, ನಿಧಾನಕ್ಕೆ ಹಾಕ್ತಾ ತಳದ ತೂತಿಂದ ಹರಿದುಹೋಗೋಕೆ ಬಿಡಿ, ಕುಂಡ ಎಷ್ಟು ಹಿಡಿಯುತ್ತೋ ಅದರ ಮೂರು ಪಟ್ಟು ನೀರಾದ್ರೂ ಹೋಗ್ಬೇಕು. ನಲ್ಲಿ ನೀರು ಯಾವತ್ತೋ ಒಂದಿನ ಬರೋದು, ನಮ್ಮ ಕಷ್ಟ ನನಗೂ ಗೊತ್ತು, ಆದ್ರೂ ಆ ಎರಡು ಬಕೆಟ್ ಎತ್ತಿಡಿ. ನಾನು ಕೊನೇಲಿ ಹಿಂಗೆ ತೊಳೆದ ಮೂರು ಗುಲಾಬಿ ಇವತ್ತಿಗೂ ಇದಾವೆ.