ಆನ್‌ಲೈನಲ್ಲಿ ವಿಶ್ವ ಸಾಹಿತ್ಯ: ಹಾರ್ವರ್ಡಾ, ಯೇಲಾ?

ಹಾರ್ವರ್ಡ್, ಯೇಲ್ ಯೂನಿವರ್ಸಿಟಿಗಳ ಎರಡು ಆನ್‌ಲೈನ್ ಸಾಹಿತ್ಯ ಕೋರ್ಸುಗಳಲ್ಲಿ ಯಾವ್ದು ತಗೊಳ್ಳೋದು ಅಂತ ತಲೆ ಕೆಡಿಸ್ಕೊಂಡಿದ್ರೆ ಕೇಳಿ, ಇವೆರಡರ ಜಾತಿನೇ ಬೇರೆ. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ ಬಂದ ಹಾರ್ವರ್ಡ್ ಕೋರ್ಸು ಒಂಥರಾ ಟೂರ್ ಬಸ್ಸು, ಮೆಸೊಪೊಟೇಮಿಯಾದ ಹಳೇ ಕಾವ್ಯ ಗಿಲ್ಗಮೆಶ್ ಹತ್ರ ಇಳಿ, ಫೋಟೋ ತಗೋ, ಮತ್ತೆ ಬಸ್ ಹತ್ತು, ಗ್ರೀಕರ ಒಡಿಸ್ಸಿ, ಸಾವಿರದೊಂದು ರಾತ್ರಿ, ಜಪಾನಿನ ಗೆಂಜಿ ಕಥೆ ಅಂತ ಸುತ್ತಿಸ್ತಾರೆ. ಇಬ್ಬರು ಮೇಷ್ಟ್ರು, ಪುಕ್ನರ್ ಮತ್ತೆ ಡ್ಯಾಮ್‌ರಾಷ್. ಸರ್ಟಿಫಿಕೇಟ್ ಬೇಕಂದ್ರೆ ದುಡ್ಡು ಕೊಡ್ಬೇಕು.

ಯೇಲಿನ ಫ್ರೀ ಕೋರ್ಸುಗಳ ತಾಣ ಓಪನ್ ಯೇಲ್‌ನಲ್ಲಿರೋ, ಇಟಲಿಯ ಕವಿ ದಾಂತೆ ಮೇಲಿನ ಕೋರ್ಸು ಹಾಗಲ್ಲ, ಒಬ್ಬನೇ ಕವಿ, 24 ಲೆಕ್ಚರು, 2008ರಲ್ಲಿ ಕ್ಲಾಸಲ್ಲೇ ಕ್ಯಾಮರಾ ಇಟ್ಟು ತೆಗ್ದಿದ್ದು, ಮೇಷ್ಟ್ರು ಮಜ್ಜೊಟ್ಟಾ. ಪೂರ್ತಿ ಫ್ರೀ, ಆದ್ರೆ ಸರ್ಟಿಫಿಕೇಟೂ ಇಲ್ಲ, ಹೋಮ್‌ವರ್ಕ್ ನೋಡೋರೂ ಇಲ್ಲ. ನರಕದ ಬಗ್ಗೆ ದಾಂತೆ ಬರೆದ ಇನ್‌ಫರ್ನೋದ ಮೊದಲ ಸಾಲು ಶುರುವಾಗೋದು 'ನಮ್ಮ ಬದುಕಿನ ದಾರಿಯ ನಡುವೆ' ಅಂತ, ಮುಂದಿನ ಸಾಲಿಗೇ 'ನಾನು' ಕಾಡಲ್ಲಿರ್ತೀನಿ, 'ನಮ್ಮ' ಹೋಗಿ 'ನಾನು' ಯಾಕೆ ಬಂತು ಅಂತ ನಿಂತು ಯೋಚ್ನೆ ಮಾಡೋಕೆ ಇಲ್ಲಿ ಪುರುಸೊತ್ತಿದೆ. ಪಂಪನ ಒಂದು ಪದ್ಯಕ್ಕೆ ಇಡೀ ಪೀರಿಯಡ್ ತಗೊಳ್ತಿದ್ದ ಕನ್ನಡ ಮೇಷ್ಟ್ರು ನಿಮ್ಗೂ ಇಷ್ಟ ಆಗಿದ್ರೆ ಯೇಲ್‌ಗೇ ಹೋಗಿ.

ರೆಸ್ಯೂಮೆಗೆ ಏನಾದ್ರೂ ಬೇಕು ಅನ್ನೋರು ಹಾರ್ವರ್ಡ್ ನೋಡ್ಕೊಳ್ಳಿ. ನಾನಂತೂ ಬಸ್ಸಿಂದ ಗಿಲ್ಗಮೆಶ್ ಹತ್ರನೇ ಇಳ್ಕೊಂಡ್ಬಿಟ್ಟೆ, ವಾಪಸ್ ಹತ್ಲಿಲ್ಲ.