ಒಂದೇ ಸರ್‌ನೇಮ್ ಹಿಡಿದು ಹುಡುಕೋಕೆ ಯಾವುದು ಒಳ್ಳೇದು: ದುಡ್ಡಿನ ಸೈಟೋ, ಪುಕ್ಕಟೆ ಸೈಟೋ?

ದೊಡ್ಡ ವಂಶಾವಳಿ ಸೈಟೊಂದಕ್ಕೆ ಒಂದು ವರ್ಷದ ಚಂದಾ ಕಟ್ಟಿದ್ದೆ. ವರ್ಷ ಮುಗಿಯಿತು, ಮತ್ತೆ ಕಟ್ಟಲಿಲ್ಲ. ಈಗ ನನ್ನ ಹುಡುಕಾಟವೆಲ್ಲ ಐರ್ಲೆಂಡ್ ಸರ್ಕಾರದ ಪುಕ್ಕಟೆ ಸೈಟುಗಳಲ್ಲಿ, ಅಲ್ಲಿ ಸಿಗದಿದ್ದರೆ ಫ್ಯಾಮಿಲಿಸರ್ಚ್ ಅನ್ನೋ ಇನ್ನೊಂದು ಪುಕ್ಕಟೆ ಸೈಟಿನಲ್ಲಿ. ಹಾಗಾಗಿ ಇದು ಪಕ್ಷಪಾತದ ಹೋಲಿಕೆ ಅಂತಲೇ ಓದಿಕೊಳ್ಳಿ. ದುಡ್ಡಿನ ಸೈಟಿನ ಹೆಸರು ಹೇಳಲ್ಲ. ಅದರ ಬಗ್ಗೆ ನನ್ನ ತಕರಾರು ಇರೋದು ಒಂದೇ ವಿಷಯಕ್ಕೆ, ಆದರೆ ಆ ಒಂದು ವಿಷಯ ತಲೆ ತಿಂದುಬಿಟ್ಟಿತು.

ಹುಡುಕುತ್ತಿದ್ದದ್ದು ಕ್ಯಾವನಾ ಅನ್ನೋ ಐರಿಷ್ ಸರ್‌ನೇಮ್. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆತನದ ಹೆಸರು ಅದು. ಮನೆಯವರು ಯಾವುದೋ ಕಾಲದಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದರು ಅನ್ನೋದು ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿರಲಿಲ್ಲ. ನನಗೋ ಹಳೇ ಕಾಗದ ಅಂದರೆ ಹುಚ್ಚು. ವೆಕ್ಸ್‌ಫರ್ಡ್, ಕಾರ್ಲೋ, ವಿಕ್ಲೋ ಕೌಂಟಿಗಳಲ್ಲಿ ಈ ಹೆಸರಿನವರು ತುಂಬಾ ಜಾಸ್ತಿ. ಜೇಮ್ಸ್ ಕ್ಯಾವನಾ, ಪ್ಯಾಟ್ರಿಕ್ ಕ್ಯಾವನಾ ಅಂತ ಹಾಕಿದರೆ ಸಾಲುಗಟ್ಟಿ ಬರ್ತಾರೆ. ಹೆಸರು ಸಿಗೋದು ಕಷ್ಟ ಅಲ್ಲ, ಸಿಕ್ಕವರಲ್ಲಿ ನಮಗೆ ಬೇಕಾದವರು ಯಾರು ಅನ್ನೋದೇ ಕಷ್ಟ.

ದುಡ್ಡಿನ ಸೈಟಿನ ಒಳ್ಳೇದನ್ನು ಮೊದಲು ಹೇಳಿಬಿಡ್ತೀನಿ. ಒಂದೇ ಕಡೆ ಹೆಸರು ಹಾಕಿದರೆ ಹಡಗಿನ ಪ್ರಯಾಣಿಕರ ಪಟ್ಟಿ, ಅಮೆರಿಕದ ಜನಗಣತಿ, ಬ್ರಿಟನ್ನಿನ ಸೈನ್ಯದ ಕಾಗದ ಎಲ್ಲ ಒಟ್ಟಿಗೆ ಬರುತ್ತೆ. ದೇಶ ಬಿಟ್ಟು ಹೋದವರ ಜಾಡು ಹಿಡಿಯೋಕೆ ಇದು ನಿಜಕ್ಕೂ ಅನುಕೂಲ. ಚಿತ್ರಗಳು ಬೇಗ ತೆರೆದುಕೊಳ್ಳುತ್ತವೆ. ನೋಡೋಕೂ ಚೆನ್ನಾಗಿದೆ.

ಈಗ ತಕರಾರು.

ಕ್ಯಾವನಾ ಅನ್ನೋದನ್ನು ಇಂಗ್ಲಿಷಿನಲ್ಲಿ ಕೆ ಅಕ್ಷರದಿಂದಲೂ ಬರೀತಾರೆ, ಸಿ ಅಕ್ಷರದಿಂದಲೂ ಬರೀತಾರೆ. ಕನ್ನಡದಲ್ಲಾದರೆ ಎರಡೂ ಒಂದೇ, ತಲೆನೋವೇ ಇಲ್ಲ. ಅಲ್ಲಿ ಹಾಗಲ್ಲ. ಪಾದ್ರಿ ಒಂದು ಥರ ಬರೆದಿರ್ತಾನೆ, ಜನಗಣತಿಗೆ ಬಂದ ಪೊಲೀಸಿನವನು ಇನ್ನೊಂದು ಥರ, ಹಡಗಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ. ಕೊನೆಯ ಅಕ್ಷರಗಳ ಕಥೆ ಬೇರೆ: ಜಿ ಮತ್ತು ಎಚ್ ಎರಡೂ ಇರಬಹುದು, ಬರೀ ಎಚ್ ಇರಬಹುದು, ಎರಡೂ ಇಲ್ಲದೆಯೂ ಇರಬಹುದು. ಒಂದೇ ಮನೆಯ ಅಣ್ಣ ತಮ್ಮಂದಿರ ಕಾಗದದಲ್ಲೇ ಈ ವ್ಯತ್ಯಾಸ ಇರುತ್ತೆ.

ಇದಕ್ಕೆ ಮದ್ದು ಅಂತ ಆ ಸೈಟು ಕೊಟ್ಟಿದ್ದು ಸೌಂಡೆಕ್ಸ್. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಅನ್ನುವವರು 1918ರಲ್ಲಿ ಪೇಟೆಂಟ್ ಪಡೆದ ಹಳೇ ಪದ್ಧತಿ ಅದು. ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡೋದು. ಒಂದೇ ಥರ ಕೇಳಿಸುವ ಅಕ್ಷರಗಳಿಗೆ ಒಂದೇ ಅಂಕಿ. ಕೊನೆಗೆ ಒಂದು ಅಕ್ಷರ, ಮೂರು ಅಂಕಿಯ ಕೋಡ್ ಬರುತ್ತೆ. ಅಮೆರಿಕದ ಜನಗಣತಿಗೆ ಸೂಚಿ ಮಾಡೋಕೆ ಇದನ್ನು ಬಳಸಿದ್ದರು, ಒಳ್ಳೆ ಉಪಾಯವೇ. ಆದರೆ ಮೊದಲ ಅಕ್ಷರ ಹಾಗೇ ಉಳಿಯುತ್ತಲ್ಲ, ತೊಂದರೆ ಇರೋದೇ ಅಲ್ಲಿ. ಒಂದು ಕ್ಯಾವನಾಗೆ ಬರುವ ಕೋಡ್ ಕೆ152, ಇನ್ನೊಂದಕ್ಕೆ ಸಿ152. ಅಂಕಿ ಮೂರೂ ಒಂದೇ, ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಇವರಿಬ್ಬರೂ ಸಂಬಂಧವೇ ಇಲ್ಲದವರು. ಅದೇ ಹೊತ್ತಿಗೆ ವಿ, ಬಿ, ಪಿ, ಎಫ್ ನಾಲ್ಕಕ್ಕೂ ಒಂದೇ ಅಂಕಿ ಇರೋದರಿಂದ ಯಾರ್ಯಾರೋ ಬೇರೆ ಹೆಸರಿನವರು ಒಳಗೆ ನುಗ್ತಾರೆ. ಬೇಕಾದವರು ಹೊರಗೆ, ಬೇಡದವರು ಒಳಗೆ.

ಸರಿ, ಕಾಗುಣಿತವನ್ನು ನಾನೇ ನೋಡಿಕೊಳ್ತೀನಿ, ನಾನು ಬರೆದ ಹಾಗೇ ಹುಡುಕು ಅಂತ ಟಿಕ್ ಹಾಕಿದರೆ, ಪ್ರತಿ ಹೊಸ ಹುಡುಕಾಟಕ್ಕೂ ಆ ಟಿಕ್ ಮಾಯ. ಮತ್ತೆ ಹಾಕಬೇಕು. ಮತ್ತೆ ಮಾಯ. ಗ್ರಾಹಕ ಸೇವೆಗೆ ಬರೆದೆ. ನಮ್ಮ ಸೂಚನೆಗಳನ್ನು ನಂಬಿ ಮುಂದೆ ಹೋಗಿ, ಅವು ತುಂಬಾ ಬುದ್ಧಿವಂತ ಅನ್ನೋ ಅರ್ಥದ ಉತ್ತರ ಬಂತು.

ಆ ಸೂಚನೆಗಳದ್ದೇ ಇನ್ನೊಂದು ರಾಮಾಯಣ. ಸೈಟು ತಾನಾಗಿಯೇ ‘ಇವರು ನಿಮ್ಮ ಪೂರ್ವಿಕರು ಇರಬಹುದು’ ಅಂತ ತೋರಿಸ್ತಾ ಹೋಗುತ್ತೆ. ಒಪ್ಪಿ, ಒಪ್ಪಿ ಅಂತ ಹಸಿರು ಎಲೆ ಮಿನುಗಿಸುತ್ತೆ. ಒಪ್ಪುತ್ತಾ ಹೋದರೆ ಎಲ್ಲಿಗೆ ತಲುಪ್ತೀರಿ ಗೊತ್ತಾ? ಲೆನ್‌ಸ್ಟರ್‌ನ ರಾಜ ಡರ್ಮಟ್ ಮ್ಯಾಕ್‌ಮರೋ ಹತ್ತಿರ. ನಾರ್ಮನ್ನರನ್ನು ಐರ್ಲೆಂಡಿಗೆ ಕರೆಸಿಕೊಂಡು 1171ರಲ್ಲಿ ಸತ್ತ ರಾಜ. ಅವನ ಮಗ ಡೊನಾಲ್‌ನಿಂದ ಈ ಹೆಸರು ಬಂತು ಅನ್ನೋದು ಇತಿಹಾಸದಲ್ಲಿ ಸರಿಯೇ. ಆದರೆ ಕಾರ್ಲೋದ ಯಾವುದೋ ಹೊಲದಲ್ಲಿ ಗೇಣಿ ಮಾಡಿಕೊಂಡಿದ್ದ ಪ್ಯಾಟ್ರಿಕ್ ಅವನ ವಂಶದವನು ಅನ್ನೋಕೆ ಕಾಗದ ಎಲ್ಲಿ? ಹಳ್ಳಿ ಕಡೆಯ ಹೆಚ್ಚಿನ ಕ್ಯಾಥೋಲಿಕ್ ಚರ್ಚುಗಳ ರಿಜಿಸ್ಟರುಗಳೇ 18ನೇ ಶತಮಾನದ ಕೊನೆಗೋ 19ನೇ ಶತಮಾನದಲ್ಲೋ ಶುರುವಾಗಿದ್ದು. ನಡುವಿನ ಆರು ಶತಮಾನವನ್ನು ಯಾರೋ ಒಬ್ಬರು ಊಹೆಯಿಂದ ತುಂಬಿದ್ದಾರೆ, ಉಳಿದವರು ಅದನ್ನೇ ನಕಲು ಮಾಡಿಕೊಂಡಿದ್ದಾರೆ, ಎಷ್ಟೋ ಜನರ ವಂಶವೃಕ್ಷದಲ್ಲಿ ಇದೆಯಲ್ಲ ಅಂತ ಸೈಟು ನಮಗೂ ತೋರಿಸುತ್ತೆ. ಎಲ್ಲರೂ ರಾಜನ ಮನೆತನ! ಗೇಣಿದಾರ ಯಾರಿಗೂ ಬೇಡ.

ಇನ್ನು ಪುಕ್ಕಟೆ ಸೈಟುಗಳು. ಐರ್ಲೆಂಡಿನ ಹಳೇ ದಾಖಲೆಗಳು ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದವು, 1922ರಲ್ಲಿ ಅಂತರ್ಯುದ್ಧ ಶುರುವಾದಾಗ ಸುಟ್ಟುಹೋದವು. 1821ರಿಂದ 1851ರವರೆಗಿನ ಜನಗಣತಿ ಬಹುತೇಕ ಅಲ್ಲೇ ಬೂದಿ. 1861, 1871ರದ್ದನ್ನು ಅದಕ್ಕೂ ಮುಂಚೆ ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ತಿರುಳಾಯಿತು. ಹೀಗೆ ಎಲ್ಲ ಹೋದ ಮೇಲೆ 1922ಕ್ಕೆ ಮುಂಚಿನವುಗಳಲ್ಲಿ ಪೂರ್ತಿ ಉಳಿದಿದ್ದು 1901 ಮತ್ತು 1911. ಇವೆರಡೂ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಸೈಟಿನಲ್ಲಿ ಪುಕ್ಕಟೆ, ಮನೆಯವರು ತುಂಬಿದ ಮೂಲ ಫಾರಮ್ಮಿನ ಚಿತ್ರದ ಸಮೇತ. ಅಂದರೆ ಐರ್ಲೆಂಡಿನ ಮಟ್ಟಿಗೆ ದುಡ್ಡು ಕೊಟ್ಟರೂ ಆ ಕಾಲದ ಹೆಚ್ಚಿನ ಜನಗಣತಿ ಸಿಗಲ್ಲ, ಇಲ್ಲದ್ದನ್ನು ಯಾರು ಮಾರೋಕಾಗುತ್ತೆ?

ಆ ಫಾರಂ ನೋಡೋದರಲ್ಲೇ ಇದೆ ಮಜಾ. 1911ರಲ್ಲಿ ಮದುವೆಯಾದ ಹೆಂಗಸರಿಗೆ ಎಷ್ಟು ವರ್ಷ ಆಯಿತು, ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ ಅಂತ ಕೇಳಿದ್ದರು. ಒಂದೇ ಹೆಸರಿನ ಎರಡು ಮನೆಗಳನ್ನು ಬೇರೆ ಮಾಡೋಕೆ ಇದು ವಯಸ್ಸಿಗಿಂತ ಗಟ್ಟಿ ಸುಳಿವು. ವಯಸ್ಸನ್ನಂತೂ ನಂಬಲೇಬೇಡಿ. 1909ರ ಜನವರಿಯಿಂದ 70 ದಾಟಿದವರಿಗೆ ಪಿಂಚಣಿ ಕೊಡೋಕೆ ಶುರುಮಾಡಿದರು, 1901ರಿಂದೀಚೆಗೆ ಹತ್ತು ವರ್ಷದಲ್ಲಿ ಹತ್ತಕ್ಕಿಂತ ಜಾಸ್ತಿ ವಯಸ್ಸಾದ ಮುದುಕರು 1911ರಲ್ಲಿ ಎಲ್ಲ ಕಡೆ ಸಿಗ್ತಾರೆ! ಇದರಿಂದ ನಮಗೊಂದು ಲಾಭವೂ ಆಗಿದೆ. ಎಲ್ಲರ ಜನನ ಮರಣ ನೋಂದಣಿ ಶುರುವಾಗಿದ್ದೇ 1864ರಲ್ಲಿ, ಮುದುಕರ ಹತ್ತಿರ ಜನನ ಪತ್ರ ಇಲ್ಲ. ಅದಕ್ಕೆ ಅಧಿಕಾರಿಗಳು 1841, 1851ರ ಜನಗಣತಿ ತೆರೆದು ನೋಡಿ, ಸಿಕ್ಕಿದ್ದನ್ನು ಒಂದು ಚೀಟಿಯಲ್ಲಿ ಬರೀತಿದ್ದರು. ಜನಗಣತಿ ಸುಟ್ಟುಹೋಯಿತು, ಚೀಟಿಗಳು ಉಳಿದವು. ಅವೂ ಪತ್ರಾಗಾರದಲ್ಲಿವೆ, ಹೆಸರು ಹಾಕಿ ಹುಡುಕಬಹುದು.

ಕಾಗುಣಿತದ ಕಾಟ ಇಲ್ಲೂ ಇದೆ, ಇಲ್ಲ ಅನ್ನಲ್ಲ. 1911ರಲ್ಲಿ ಕೆಲವರು ಫಾರಮ್ಮನ್ನು ಐರಿಷ್ ಭಾಷೆಯಲ್ಲೇ ತುಂಬಿದರು, ಅಂಥವರು ಇಂಗ್ಲಿಷ್ ಕಾಗುಣಿತ ಹಾಕಿದರೆ ಬರಲ್ಲ. ಆದರೆ ಇಲ್ಲಿ ಹೆಸರನ್ನು ಪಕ್ಕಕ್ಕಿಟ್ಟು ಕೌಂಟಿ, ಅದರೊಳಗಿನ ಟೌನ್‌ಲ್ಯಾಂಡ್ ಹಿಡಿದು ಮನೆ ಮನೆ ತಿರುಗಬಹುದು. ಟೌನ್‌ಲ್ಯಾಂಡ್ ಅಂದರೆ ಅಲ್ಲಿನ ಅತಿ ಚಿಕ್ಕ ಭೂವಿಭಾಗ, ಇಡೀ ದ್ವೀಪದಲ್ಲಿ 60 ಸಾವಿರಕ್ಕೂ ಹೆಚ್ಚಿವೆ. ಸರ್‌ನೇಮ್ ನೂರು ಮನೆ ತೋರಿಸಿದರೆ ಟೌನ್‌ಲ್ಯಾಂಡ್ ನಾಲ್ಕಕ್ಕೆ ಇಳಿಸುತ್ತೆ. 1847ರಿಂದ 1864ರ ನಡುವೆ ತೆರಿಗೆಗೆ ಅಂತ ಮಾಡಿದ ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅನ್ನೋ ಪಟ್ಟಿಯೂ ಟೌನ್‌ಲ್ಯಾಂಡ್ ಪ್ರಕಾರವೇ ಇದೆ, ಅದೂ ಪುಕ್ಕಟೆ. ಅದರಲ್ಲಿ ಒಂದೇ ಜಾಗದಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಪಕ್ಕದಲ್ಲಿ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಬರೆದಿರೋದು ಉಂಟು.

ಐರಿಷ್ ಜೀನಿಯಾಲಜಿ ಅನ್ನೋ ಸರ್ಕಾರಿ ಸೈಟಿನಲ್ಲಿ ಜನನ, ಮದುವೆ, ಮರಣದ ರಿಜಿಸ್ಟರಿನ ಪುಟಗಳೇ ಸಿಗುತ್ತವೆ. 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ. ಜನನದ ಪುಟದಲ್ಲಿ ತಾಯಿಯ ತವರಿನ ಸರ್‌ನೇಮ್ ಇರುತ್ತೆ. ನನ್ನ ಕೆಲಸ ಅರ್ಧ ಮುಗಿದಿದ್ದು ಅದರಿಂದಲೇ. ಕ್ಯಾವನಾಗಳು ಸಾವಿರ, ಆದರೆ ಗಂಡ ಹೆಂಡತಿ ಇಬ್ಬರ ಸರ್‌ನೇಮ್ ಜೋಡಿ ಹಿಡಿದರೆ ಗುಂಪು ತಟ್ಟನೆ ಕರಗುತ್ತೆ.

ಕ್ಯಾಥೋಲಿಕ್ ಚರ್ಚ್ ರಿಜಿಸ್ಟರುಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್ ಹಾಕಿತು. ಬರೀ ಚಿತ್ರ, ಅವರ ಸೈಟಿನಲ್ಲಿ ಹೆಸರಿನ ಸೂಚಿ ಇಲ್ಲ. ಪುಟ ತಿರುವಬೇಕು. ಮೊದಲ ಹೆಸರುಗಳು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿ, ಜೇಮ್ಸ್ ಇದ್ದವನು ಜಾಕೋಬಸ್, ವಿಲಿಯಂ ಇದ್ದವನು ಗುಲಿಯೆಲ್ಮಸ್. ಸರ್‌ನೇಮ್ ಮಾತ್ರ ಹಾಗೇ.

ಫ್ಯಾಮಿಲಿಸರ್ಚ್ ಅಮೆರಿಕದ ಮಾರ್ಮನ್ ಚರ್ಚಿನವರದ್ದು. 1938ರಿಂದ ಲೋಕವೆಲ್ಲ ಸುತ್ತಿ ಮೈಕ್ರೋಫಿಲ್ಮ್ ಮಾಡಿದವರು, ಈಗ ಅದನ್ನೆಲ್ಲ ಡಿಜಿಟಲ್ ಮಾಡಿದ್ದಾರೆ. ಲಾಗಿನ್ ಸಾಕು, ದುಡ್ಡು ಬೇಡ. ನಕ್ಷತ್ರ ಚಿಹ್ನೆ, ಪ್ರಶ್ನೆ ಚಿಹ್ನೆ ಹಾಕಿ ಹುಡುಕಬಹುದು. ಒಂದೇ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ, ಬಾಲದಲ್ಲಿ ನಕ್ಷತ್ರ. ದುಡ್ಡಿನ ಸೈಟಿನಲ್ಲಿ ನನ್ನ ತಲೆ ತಿಂದ ಕಾಗುಣಿತಕ್ಕೆ ಇಷ್ಟೇ ಮದ್ದು ಸಾಕಾಯಿತು. ಕೆಲವು ಚಿತ್ರಗಳನ್ನು ಅವರ ಕೇಂದ್ರಕ್ಕೋ ಅವರ ಜೊತೆ ಒಪ್ಪಂದ ಇರುವ ಲೈಬ್ರರಿಗೋ ಹೋಗಿಯೇ ನೋಡಬೇಕು. ಅಲ್ಲಿನ ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಅದರ ಕಡೆ ನಾನು ಹೋಗಲ್ಲ, ದಾಖಲೆ ಮಾತ್ರ.

ಇನ್ನೊಂದು ಆಯ್ಕೆ ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್. 1979ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಸಂಘ. ಒಬ್ಬೊಬ್ಬ ಸದಸ್ಯ ಒಂದೊಂದು ಸರ್‌ನೇಮ್ ಹಿಡಿದು, ಸಂಬಂಧ ಇರಲಿ ಬಿಡಲಿ, ಆ ಹೆಸರಿನ ಎಲ್ಲರನ್ನೂ ಎಲ್ಲ ಕಾಗುಣಿತಗಳ ಸಮೇತ ಕೂಡಿ ಹಾಕ್ತಾನೆ. ನೀವು ಹುಡುಕುವ ಹೆಸರು ಅಪರೂಪದ್ದಾದರೆ, ಅದನ್ನು ಯಾರಾದರೂ ನೋಂದಾಯಿಸಿದ್ದರೆ, ಮೊದಲು ಅವರಿಗೇ ಬರೆಯಿರಿ. ಎಲ್ಲ ಆ ಮನುಷ್ಯನ ಉತ್ಸಾಹದ ಮೇಲೆ.

ನನ್ನ ತೀರ್ಪು ನನ್ನ ಅಭ್ಯಾಸಕ್ಕೆ ತಕ್ಕದ್ದು. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಪುಟ ತಿರುವೋದು ನನಗಿಷ್ಟ, ಇದು ಹವ್ಯಾಸ, ಇದಕ್ಕೆ ಅಂತ ಎತ್ತಿಟ್ಟ ದುಡ್ಡೂ ಕಡಿಮೆ. ಸಮಯ ಇಲ್ಲದವರಿಗೆ, ಅಮೆರಿಕದ ಕಡೆಯಿಂದ ಶುರುಮಾಡುವವರಿಗೆ ದುಡ್ಡಿನ ಸೈಟು ಬೇಕಾಗಬಹುದು. ಅಲ್ಲೂ 1890ರ ಅಮೆರಿಕದ ಜನಗಣತಿ 1921ರ ಬೆಂಕಿಯಿಂದಾಗಿ ಹೆಚ್ಚುಕಡಿಮೆ ಪೂರ್ತಿ ಇಲ್ಲ ಅನ್ನೋದು ನೆನಪಿರಲಿ, 1880ರಲ್ಲಿ ಕಂಡ ಹುಡುಗ 1900ಕ್ಕೆ ನಾಲ್ಕು ಮಕ್ಕಳ ಅಪ್ಪನಾಗಿ ಬೇರೆ ರಾಜ್ಯದಲ್ಲಿ ಸಿಗ್ತಾನೆ. ಅವನೇ ಇವನು ಅಂತ ಹೇಳೋಕೆ ಸರ್‌ನೇಮ್ ಒಂದೇ ಸಾಲದು.

ಕಟ್ಟಲೇಬೇಕು ಅಂದರೆ ವರ್ಷದ ಚಂದಾ ಬೇಡ, ಒಂದು ತಿಂಗಳದ್ದು ಕಟ್ಟಿ. ಅದಕ್ಕೂ ಮುಂಚೆ ಪುಕ್ಕಟೆ ಸೈಟುಗಳಲ್ಲಿ ಟೌನ್‌ಲ್ಯಾಂಡ್, ತಾಯಿಯ ತವರಿನ ಹೆಸರು, ಎಲ್ಲ ಕಾಗುಣಿತ ಬರೆದಿಟ್ಟುಕೊಳ್ಳಿ. ಆಟೋ ರಿನ್ಯೂವಲ್ ಅವತ್ತೇ ಆಫ್ ಮಾಡಿ.