ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆ ಕೇಳುವವರ ಪಾಡು: ಹಳೆಯ ಓದುಗನೊಬ್ಬನ ವಿಮರ್ಶೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಮಾಡುವವರ ಪೈಕಿ, ಪ್ರೋಗ್ರಾಮರುಗಳು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಎಂದೂ ಉತ್ತರ ಹುಡುಕದವರು ಸಿಗುವುದು ಕಷ್ಟ. ಅಲ್ಲಿ ನೀವಾಗಿ ಒಂದು ಪ್ರಶ್ನೆ ಕೇಳಿದ್ದೀರಾ ಎಂದು ವಿಚಾರಿಸಿದರೆ ಮಾತ್ರ ನನ್ನ ಪರಿಚಯದ ಹೆಚ್ಚಿನವರು ನಕ್ಕು ತಲೆಯಾಡಿಸುತ್ತಾರೆ. ಓದುಗನಾಗಿ ಆ ತಾಣದ ಋಣ ನನ್ನ ಮೇಲೆ ಬಹಳ ಇದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದಲ್ಲಿ ತಪ್ಪಾಗಿ ಮಾಡಿದ ಕಮಿಟ್ಟನ್ನು, ಅಂದರೆ ದಾಖಲೆಯನ್ನು, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂಬ ಒಂದೇ ಪುಟವನ್ನು ಎಷ್ಟು ಸಲ ತೆರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಇಷ್ಟು ಉಪಕಾರ ಮಾಡಿದ ಸೇವೆಯೊಂದು, ತನ್ನ ಬಾಗಿಲಿಗೆ ಪ್ರಶ್ನೆ ಹೊತ್ತು ಬಂದವರನ್ನು ಅನುಮಾನದಿಂದ ನೋಡುವಂತೆ ಏಕಾಯಿತು ಎಂಬುದು ಈ ವಿಮರ್ಶೆಯ ವಿಷಯ. ಅಲ್ಲಿನ ಜನ ಕೆಟ್ಟವರು ಎಂಬ ಸುಲಭದ ಉತ್ತರವನ್ನು ನಾನು ಒಪ್ಪುವುದಿಲ್ಲ. ದೋಷದ ಬಹುಪಾಲು ಸೇವೆಯ ರಚನೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್‌ಸ್ಕಿ ಅವರು 2008ರಲ್ಲಿ ಈ ತಾಣವನ್ನು ಆರಂಭಿಸಿದಾಗ ಪ್ರೋಗ್ರಾಮರುಗಳ ಸ್ಥಿತಿ ಹೀಗಿತ್ತು: ಉತ್ತರ ಬೇಕಾದರೆ ಒಂದೋ ಚಂದಾ ಕಟ್ಟಬೇಕು, ಇಲ್ಲವೇ ಹರಟೆ, ಜಗಳ, ಸಹಿಯ ಸಾಲುಗಳಿಂದ ತುಂಬಿದ ಹತ್ತಾರು ಪುಟಗಳನ್ನು ಜಾಲಾಡಬೇಕು. ಅದಕ್ಕೆ ಮದ್ದಾಗಿ ಅವರು ಮಾಡಿದ ನಿಯಮ ಸರಳವಾಗಿತ್ತು. ಪುಟಕ್ಕೊಂದು ಪ್ರಶ್ನೆ, ಅದರ ಕೆಳಗೆ ಉತ್ತರಗಳು, ಓದುಗರ ಮತಗಳ ಪ್ರಕಾರ ಒಳ್ಳೆಯ ಉತ್ತರ ಮೇಲಕ್ಕೆ, ಹರಟೆಗೆ ಜಾಗವಿಲ್ಲ. ಇಂದು ಅಲ್ಲಿ ಎರಡು ಕೋಟಿಗೂ ಹೆಚ್ಚು ಪ್ರಶ್ನೆಗಳಿವೆ, ಓದಲು ಕಾಸು ಕೊಡಬೇಕಾಗಿಲ್ಲ. ಓದುವವರ ಮಟ್ಟಿಗೆ ಆ ಯೋಜನೆ ಪೂರ್ತಿ ಗೆದ್ದಿದೆ.

ತೊಡಕು ಇರುವುದು ಕೇಳುವವರ ಮಟ್ಟಿಗೆ. ಪ್ರಶ್ನೆ ಕೇಳಲು ಬರುವವನಿಗೆ ಅದೊಂದು ಸಹಾಯದ ಕೌಂಟರಿನಂತೆ ಕಾಣುತ್ತದೆ: ನನ್ನ ಪ್ರೋಗ್ರಾಂ ಓಡುತ್ತಿಲ್ಲ, ಸಂಜೆಯೊಳಗೆ ಓಡಬೇಕು, ಯಾರಾದರೂ ಹೇಳಿಕೊಡಿ ಎಂಬುದಷ್ಟೇ ಅವನ ಕೋರಿಕೆ. ಉತ್ತರಿಸುವ ಹಳಬರಿಗೆ ಅದು ಎಲ್ಲರೂ ಸೇರಿ ಬರೆಯುತ್ತಿರುವ ಕೋಶ. ಮುಂದಿನ ಹತ್ತು ವರ್ಷ ಇದೇ ತೊಂದರೆಯನ್ನು ಹುಡುಕಿ ಬರುವ ಸಾವಿರಾರು ಅಪರಿಚಿತರಿಗಾಗಿ ಒಂದೊಂದು ಪುಟವೂ ನೆಟ್ಟಗಿರಬೇಕೆಂಬುದು ಅವರ ಕಾಳಜಿ. ಹೀಗಾಗಿ ಹೊಸಬ ತನ್ನ ಕಷ್ಟ ಹೇಳಿಕೊಂಡೆನೆಂದು ತಿಳಿದರೆ, ಹಳಬ ಕೋಶಕ್ಕೆ ಬಂದ ಕರಡೊಂದನ್ನು ತಿದ್ದಲು ಕೂರುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತಿಗೆ ಇದಕ್ಕಿಂತ ತಕ್ಕ ಸಂದರ್ಭ ನನಗೆ ಹೊಳೆಯುವುದಿಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ, ಆದರೆ ಸೇವೆಯ ಮುಖಪುಟದಲ್ಲಿ ಈ ವ್ಯತ್ಯಾಸವನ್ನು ಹೊಸಬನಿಗೆ ಬಿಡಿಸಿ ಹೇಳುವ ಒಂದು ವಾಕ್ಯವೂ ಬಹುಕಾಲ ಎದ್ದು ಕಾಣುವಂತೆ ಇರಲಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬಳು 0.1ಕ್ಕೆ 0.2 ಕೂಡಿಸುತ್ತಾಳೆ, ಉತ್ತರ 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಇಡುತ್ತದೆ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲು ಹೇಗೆ ಸಾಧ್ಯವಿಲ್ಲವೋ, ಹಾಗೆಯೇ ಹತ್ತನೇ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆದು ಮುಗಿಸಲು ಸಾಧ್ಯವಿಲ್ಲ. ಇದನ್ನು ವಿವರಿಸುವ ಪುಟ 2009ರಿಂದಲೂ ಅಲ್ಲಿದೆ ಮತ್ತು ಅದರಲ್ಲಿನ ಉತ್ತರಗಳು ಬಹಳ ಚೆನ್ನಾಗಿವೆ. ಆದರೆ ಆ ಪುಟವನ್ನು ಹುಡುಕಿ ತೆಗೆಯಲು ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಹೀಗೆ ಇಡುವ ವಿಧಾನಕ್ಕಿರುವ ಫ್ಲೋಟಿಂಗ್ ಪಾಯಿಂಟ್ ಎಂಬ ಹೆಸರು ಗೊತ್ತಿರಬೇಕು. ಆ ಹೆಸರು ಗೊತ್ತಿದ್ದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. ನಮ್ಮ ವಿದ್ಯಾರ್ಥಿನಿ ತನ್ನ ಅಂಗಡಿ ಬಿಲ್ಲಿನ ಪ್ರೋಗ್ರಾಮಿನಲ್ಲಿ ಪೈಸೆ ಲೆಕ್ಕ ತಪ್ಪುತ್ತಿದೆ ಎಂದು ಬರೆಯುತ್ತಾಳೆ, ಕೆಲವೇ ನಿಮಿಷಗಳಲ್ಲಿ ಅದರ ಮೇಲೆ ಡೂಪ್ಲಿಕೇಟ್, ಅಂದರೆ ಮೊದಲೇ ಕೇಳಿದ ಪ್ರಶ್ನೆ, ಎಂಬ ಮುದ್ರೆ ಬಿದ್ದು ಇನ್ನು ಯಾರೂ ಉತ್ತರಿಸಲಾಗದಂತೆ ಪ್ರಶ್ನೆ ಮುಚ್ಚಿಹೋಗುತ್ತದೆ. ಮುಚ್ಚಿದವರು ಆ ವಾರದಲ್ಲಿ ಅದೇ ಪ್ರಶ್ನೆಯನ್ನು ಬೇರೆ ಬೇರೆ ವೇಷಗಳಲ್ಲಿ ಎಷ್ಟೋ ಸಲ ನೋಡಿರುತ್ತಾರೆ, ಅವಳು ಅದನ್ನು ಬದುಕಿನಲ್ಲಿ ಮೊದಲ ಸಲ ನೋಡುತ್ತಿರುತ್ತಾಳೆ. ಮುದ್ರೆಯ ಜೊತೆಯಲ್ಲೇ ಸರಿಯಾದ ಪುಟದ ಕೊಂಡಿ ಇರುತ್ತದೆಂಬುದು ನಿಜ, ಅದನ್ನು ಒತ್ತಿದರೆ ಉತ್ತರ ಸಿಗುತ್ತದೆಂಬುದೂ ನಿಜ. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಬೀಳುವುದು ಕೊಂಡಿಯಲ್ಲ, ಶೀರ್ಷಿಕೆಯ ಪಕ್ಕದ ಋಣ ಸಂಖ್ಯೆ, ಅಂದರೆ ಅವಳ ಪ್ರಶ್ನೆಗೆ ಬಿದ್ದ ವಿರೋಧದ ಮತಗಳ ಲೆಕ್ಕ.

ಆ ಋಣ ಸಂಖ್ಯೆಯ ಹಿಂದಿನ ಲೆಕ್ಕಾಚಾರವನ್ನು ಸೇವೆಯ ಅತ್ಯಂತ ದುರ್ಬಲ ಅಂಗವೆಂದು ನಾನು ಎಣಿಸುತ್ತೇನೆ. ಅಲ್ಲಿ ಸದಸ್ಯನೊಬ್ಬ ಏನು ಮಾಡಬಹುದೆಂಬುದನ್ನು ಅವನು ಗಳಿಸಿದ ಅಂಕಗಳೇ ತೀರ್ಮಾನಿಸುತ್ತವೆ. ಖಾತೆ ತೆರೆದವನಿಗೆ 1 ಅಂಕವಿರುತ್ತದೆ. 15 ಅಂಕ ಬಂದ ಮೇಲೆ ಮೆಚ್ಚುಗೆಯ ಮತ ಹಾಕಬಹುದು, 50 ಬಂದರೆ ಬೇರೆಯವರ ಪುಟದಲ್ಲಿ ಟಿಪ್ಪಣಿ ಬರೆಯಬಹುದು, 125 ಬಂದರೆ ಡೌನ್‌ವೋಟ್, ಅಂದರೆ ವಿರೋಧದ ಮತ, ಹಾಕಬಹುದು, 3000 ಬಂದರೆ ಪ್ರಶ್ನೆ ಮುಚ್ಚಲು ಮತ ನೀಡಬಹುದು. ಉತ್ತರವೊಂದಕ್ಕೆ ಡೌನ್‌ವೋಟ್ ಹಾಕಿದರೆ ಹಾಕಿದವನ ಜೇಬಿನಿಂದಲೂ 1 ಅಂಕ ಹೋಗುತ್ತದೆ. ಪ್ರಶ್ನೆಗೆ ಹಾಕಿದರೆ ಅವನಿಗೆ ಏನೂ ಹೋಗುವುದಿಲ್ಲ, ಕೇಳಿದವನಿಗೆ ಮಾತ್ರ 2 ಅಂಕ ನಷ್ಟ. ಏಕೆ ಹಾಕಿದೆ ಎಂದು ಕಾರಣ ಬರೆಯಬೇಕೆಂಬ ಕಡ್ಡಾಯವೂ ಇಲ್ಲ. 2010ರಿಂದ 2019ರ ನವೆಂಬರ್‌ವರೆಗೆ ಉತ್ತರಕ್ಕೆ ಬಿದ್ದ ಮೆಚ್ಚುಗೆಯ ಮತಕ್ಕೆ 10 ಅಂಕ ಸಿಗುತ್ತಿದ್ದರೆ ಪ್ರಶ್ನೆಗೆ ಬಿದ್ದ ಮತಕ್ಕೆ 5 ಮಾತ್ರ ಸಿಗುತ್ತಿತ್ತು, ಅಂದರೆ ಕೇಳುವವನ ಶ್ರಮಕ್ಕೆ ಅರ್ಧ ಕೂಲಿ ಎಂದು ಸೇವೆಯೇ ಒಂಬತ್ತು ವರ್ಷ ಸಾರಿತ್ತು. ಹೀಗೆ ಅಧಿಕಾರವೆಲ್ಲ ಹೆಚ್ಚಾಗಿ ಉತ್ತರಿಸಿ ಬೆಳೆದವರ ಕೈಯಲ್ಲಿ ಶೇಖರವಾಯಿತು, ಕೇಳುವವರ ಪರವಾಗಿ ಮತ ಹಾಕುವವರು ಆ ಕೋಣೆಯಲ್ಲಿ ವಿರಳವಾದರು. ಸಾಲಾಗಿ ಕೆಲವು ಪ್ರಶ್ನೆಗಳು ಸೋತರೆ ಖಾತೆಗೆ ಪ್ರಶ್ನೆ ಕೇಳುವ ಅವಕಾಶವನ್ನೇ ಯಂತ್ರ ತಾನಾಗಿ ತಡೆಯುತ್ತದೆ, ಹಳೆಯ ಪ್ರಶ್ನೆಗಳನ್ನು ಅಳಿಸಿದರೂ ಆ ತಡೆ ಬಿಡುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಕಷ್ಟವಿದೆ. ತಾಣದ ವಾರ್ಷಿಕ ಸಮೀಕ್ಷೆಗಳಲ್ಲಿ ಹಲವು ವರ್ಷ ಅಮೆರಿಕದ ನಂತರ ಅತಿ ಹೆಚ್ಚು ಜನ ಭಾರತದವರೇ ಆಗಿದ್ದರು. ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪ್ರತ್ಯೇಕ ತಾಣಗಳಿದ್ದರೂ ನಮ್ಮವರಿಗೆ ಇಂಗ್ಲಿಷೇ ಗತಿ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ಹುಡುಗ ತರಗತಿಯಲ್ಲಿ ಎದ್ದು ನಿಂತು "ಸಾರ್, ಒಂದು ಡೌಟ್" ಎನ್ನುವ ಹಾಗೆಯೇ ಅಲ್ಲಿಯೂ ಬರೆಯುತ್ತಾನೆ: ಎಲ್ಲರಿಗೂ ನಮಸ್ಕಾರ, ನಾನು ಹೊಸಬ, ನನಗೊಂದು ಡೌಟ್ ಇದೆ, ದಯವಿಟ್ಟು ಬೇಗ ಸಹಾಯ ಮಾಡಿ, ಮುಂಗಡವಾಗಿ ಧನ್ಯವಾದ. ನಮ್ಮಲ್ಲಿ ಇದು ವಿನಯ, ಹಿರಿಯರ ಮುಂದೆ ಕೈಕಟ್ಟಿ ನಿಂತ ಹಾಗೆ. ಅಲ್ಲಿನ ರೂಢಿಯಲ್ಲಿ ನಮಸ್ಕಾರವೂ ಧನ್ಯವಾದವೂ ಕಸ, ಸಂಪಾದಕರು ಅವನ್ನು ಅಳಿಸಿಹಾಕುತ್ತಾರೆ. "ಡೌಟ್" ಎಂದರೆ ಇಂಗ್ಲಿಷ್ ಮನೆಮಾತಿನವರಿಗೆ ಅಪನಂಬಿಕೆ ಎಂಬ ಅರ್ಥ ಬರುತ್ತದೆ. "ಬೇಗ" ಎಂಬುದು ದರ್ಪದಂತೆ ಕೇಳುತ್ತದೆ. ಹುಡುಗ ತಗ್ಗಿದ ಧ್ವನಿಯಲ್ಲೇ ಮಾತಾಡಿದ್ದಾನೆ, ಓದಿದವರಿಗೆ ಅದು ಏರಿದ ಧ್ವನಿಯಾಗಿ ತಲುಪಿದೆ.

ಎಲ್ಲರೂ ನೋಡುತ್ತಿರುವಾಗ ಗದರುವುದಕ್ಕೆ ಒಂದು ರುಚಿಯೂ ಇರುತ್ತದೆ ಎಂಬುದನ್ನು ಮರೆಯಬಾರದು. ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಪಠ್ಯದಲ್ಲಿ ಒಂದೊಂದು ಭಾಗವನ್ನು ತೆರೆಯುವ ಟ್ಯಾಗು ಎಂಬ ಗುರುತುಗಳನ್ನು, ಅಕ್ಷರಗಳ ಮಾದರಿಯನ್ನು ಹುಡುಕುವ ರೆಜೆಕ್ಸ್ ಎಂಬ ಸೂತ್ರದ ಮೂಲಕ ಹಿಡಿಯುವುದು ಹೇಗೆಂದು 2009ರಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರ ಈ ತಾಣದ ಅತ್ಯಂತ ಪ್ರಸಿದ್ಧ ಉತ್ತರಗಳಲ್ಲೊಂದು. ಹಾಗೆ ಮಾಡಲೇಬಾರದು ಎಂಬ ಒಂದೇ ಮಾತನ್ನು ಅದು ಭೂತ ಹಿಡಿದವರ ಪ್ರಲಾಪದ ಧಾಟಿಯಲ್ಲಿ, ಅಕ್ಷರಗಳೇ ಕರಗಿ ಸೋರುವಂತೆ ಬರೆದಿದೆ. ಓದಿ ನಾನೂ ನಕ್ಕಿದ್ದೇನೆ. ಸಾವಿರಾರು ಜನ ಅದಕ್ಕೆ ಮತ ಹಾಕಿದ್ದಾರೆ. ಆದರೆ ಕೇಳಿದವರಿಗೆ ಬೇಕಾಗಿದ್ದದ್ದು ಇಡೀ ಪಠ್ಯದ ರಚನೆಯನ್ನು ಬಿಡಿಸುವ ಪಾರ್ಸಿಂಗ್ ಅಲ್ಲ, ಬಿಡಿ ಟ್ಯಾಗುಗಳನ್ನು ಗುರುತಿಸುವುದಷ್ಟೇ, ಅದಕ್ಕೆ ರೆಜೆಕ್ಸ್ ಸಾಲಬಹುದಿತ್ತು ಎಂದು ಬೇರೆ ಉತ್ತರಗಾರರು ಅದೇ ಪುಟದಲ್ಲಿ ತೋರಿಸಿದ್ದಾರೆ. ಚಪ್ಪಾಳೆ ಮಾತ್ರ ಗದರಿದವರ ಪಾಲಿಗೆ ಹೋಯಿತು.

ಇನ್ನೊಂದು ಕಡೆಯ ನ್ಯಾಯವನ್ನೂ ಹೇಳಬೇಕು. ಉತ್ತರಿಸುವವರಿಗೆ ಸಂಬಳವಿಲ್ಲ. ಕಾಲೇಜಿನ ಅಸೈನ್‌ಮೆಂಟನ್ನು ಒಂದಕ್ಷರ ಬದಲಿಸದೆ ಅಂಟಿಸಿ, ಮಾಡಿಕೊಡಿ ಎಂದು ಕೇಳಿ, ಉತ್ತರ ಸಿಕ್ಕ ಕೂಡಲೇ ಅದನ್ನು ಒಪ್ಪಿದ ಒಂದು ಗುರುತನ್ನೂ ಹಾಕದೆ ಮಾಯವಾಗುವವರು ಅಲ್ಲಿ ದಿನಾ ಬರುತ್ತಾರೆ. ದೋಷದ ಸಂದೇಶವನ್ನು ಫೋನಿನಲ್ಲಿ ಓರೆಯಾಗಿ ಫೋಟೋ ತೆಗೆದು ಹಾಕುವವರಿದ್ದಾರೆ. ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದ ಅನುಭವಿಗೆ ಇಂಥ ಹತ್ತು ಪ್ರಶ್ನೆಗಳು ಸಾಲಾಗಿ ಎದುರಾದರೆ, ಹನ್ನೊಂದನೆಯದಾಗಿ ಬಂದ ಪ್ರಾಮಾಣಿಕ ಪ್ರಶ್ನೆಗೂ ಅವನು ಅದೇ ಕಣ್ಣಿನಿಂದಲೇ ನೋಡುತ್ತಾನೆ. ಹೊಸಬನ ಮೇಲೆ ಬೀಳುವ ಸಿಟ್ಟಿನಲ್ಲಿ ಅವನ ಪಾಲಿನದು ಸ್ವಲ್ಪವೇ, ಉಳಿದದ್ದು ಅವನಿಗಿಂತ ಮುಂಚೆ ಬಂದು ಹೋದವರದು.

ಕಂಪನಿಗೆ ಇದು ತಿಳಿಯದ ವಿಷಯವಲ್ಲ. 2018ರ ಏಪ್ರಿಲ್‌ನಲ್ಲಿ ತನ್ನದೇ ಅಧಿಕೃತ ಬರಹದಲ್ಲಿ, ಹೊಸಬರಿಗೆ ಮತ್ತು ಮಹಿಳೆಯರಿಗೆ ಈ ತಾಣ ಆತ್ಮೀಯವೆನಿಸುತ್ತಿಲ್ಲವೆಂದು ಅದು ಒಪ್ಪಿಕೊಂಡಿತು. ಅದೇ ವರ್ಷ ಹೊಸ ನಡವಳಿಕೆ ಸಂಹಿತೆ ಬಂತು, ಹೊಸ ಸದಸ್ಯರ ಹೆಸರಿನ ಪಕ್ಕದಲ್ಲಿ ಗುರುತೂ ಬಂತು. ಬೈಗುಳ ಕಡಿಮೆಯಾಯಿತು, ಮೌನವಾಗಿ ಬೀಳುವ ಡೌನ್‌ವೋಟ್ ಹಾಗೆಯೇ ಉಳಿಯಿತು. ನನಗೆ ಹೆಚ್ಚು ಹಿಡಿಸಿದ ಸುಧಾರಣೆ 2024ರಲ್ಲಿ ಬಂದ ಸ್ಟೇಜಿಂಗ್ ಗ್ರೌಂಡ್ ಎಂಬ ವ್ಯವಸ್ಥೆ: ಅದರಲ್ಲಿ ಹೊಸಬರ ಪ್ರಶ್ನೆ ಸಾರ್ವಜನಿಕವಾಗುವ ಮೊದಲು ಅನುಭವಿಗಳು ಅದನ್ನು ನೋಡಿ ತಿದ್ದುವ ಸಲಹೆ ಕೊಡುತ್ತಾರೆ, ಮತದ ಹೊಡೆತ ಅಲ್ಲಿರುವುದಿಲ್ಲ. ಇದು ಹತ್ತು ವರ್ಷ ಮೊದಲೇ ಬರಬೇಕಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ಪ್ರಶ್ನೆಗಳ ಸಂಖ್ಯೆ ಕಡಿದಾಗಿ ಇಳಿದಿದೆ. ಆ ಯಂತ್ರ ಕೆಲವೊಮ್ಮೆ ತಪ್ಪು ಹೇಳುತ್ತದೆ, ಆದರೆ ಇದನ್ನು ಮೊದಲೇ ಕೇಳಿದ್ದರು ಎಂದು ಯಾರನ್ನೂ ಕಳಿಸಿಬಿಡುವುದಿಲ್ಲ. 2021ರಲ್ಲಿ 180 ಕೋಟಿ ಡಾಲರ್ ಕೊಟ್ಟು ತಾಣವನ್ನು ಕೊಂಡ ಪ್ರೋಸಸ್ ಎಂಬ ಹೂಡಿಕೆ ಸಂಸ್ಥೆ ಈ ತಿರುವನ್ನು ಎಣಿಸಿರಲಾರದು.

ನನ್ನ ತೂಕದಲ್ಲಿ ಓದುಗರಿಗೆ ಈ ಸೇವೆ ಐದಕ್ಕೆ ನಾಲ್ಕೂವರೆ, ಉತ್ತರಿಸುವ ಹವ್ಯಾಸವುಳ್ಳವರಿಗೆ ಮೂರೂವರೆ, ಮೊದಲ ಪ್ರಶ್ನೆ ಕೇಳುವವರಿಗೆ ಎರಡು. ಆದರೂ ಕೇಳಲೇಬೇಕೆಂದಿದ್ದರೆ, ತೊಂದರೆ ಮತ್ತೆ ಕಾಣಿಸಿಕೊಳ್ಳುವಷ್ಟು ಮಾತ್ರ ಕೋಡನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸಿ. ಏನು ಬರಬೇಕಿತ್ತು, ಏನು ಬಂತು ಎಂದು ಎರಡು ಸಾಲು ಬರೆಯಿರಿ. ದೋಷದ ಸಂದೇಶವನ್ನು ಅಕ್ಷರದಲ್ಲೇ ಅಂಟಿಸಿ. ಹುಡುಕಿದಾಗ ಸಿಕ್ಕ ಹಳೆಯ ಪುಟ ನಿಮಗೇಕೆ ಹೊಂದಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ, ಡೂಪ್ಲಿಕೇಟ್ ಮುದ್ರೆಯನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಧನ್ಯವಾದವನ್ನು ಪ್ರಶ್ನೆಯ ಕೊನೆಯಲ್ಲಿ ಬರೆಯುವ ಬದಲು, ಕೆಲಸಕ್ಕೆ ಬಂದ ಉತ್ತರದ ಪಕ್ಕದ ಹಸಿರು ಗುರುತನ್ನು ಒತ್ತಿ. ಉತ್ತರಿಸಿದವರಿಗೆ 15 ಅಂಕ ಸೇರುತ್ತದೆ, ನಿಮಗೂ 2 ಸಿಗುತ್ತದೆ; ಒಂದು ಡೌನ್‌ವೋಟ್‌ನಲ್ಲಿ ಕಳೆದುಕೊಂಡದ್ದು ಅಷ್ಟಕ್ಕೆ ಸರಿಹೋಗುತ್ತದೆ.